ಹದಿನೈದಾಳಿನ ತೊಲೆ

ಮೊಗಲಪ್ಪನ ಫಜೀತಿ ಶುರುವಾದದ್ದು ಒಂದು ಸುತ್ತಿಗೆಯಿಂದ. ಸುತ್ತಿಗೆ ಅಂದರೆ ಬಡಿಗರ ಮನೆಯ ಸುತ್ತಿಗೆಯಲ್ಲ. ಹೆಬ್ಬೆರಳಿನಷ್ಟು ತಲೆ, ಪೆನ್ಸಿಲಿನಷ್ಟು ಹಿಡಿಕೆ. ಸೊಳ್ಳೆಯ ಕಾಲಿಗೆ ಲಾಳ ಹೊಡೆಯಲು ಇದು ಸರಿಹೋದೀತು ಎಂದು ಮೊಗಲಪ್ಪ ನಕ್ಕ. ಅವನು ಆ ದಿನ ನಕ್ಕದ್ದು ಅದೊಂದೇ ಸಲ.

ಸುತ್ತಿಗೆ ತಂದವನು ವಿಜಯೇಂದ್ರ. ಜಹೀರಾಬಾದಿನ ನೌಕರದಾರರ ಮನೆತನ, ಯಂತ್ರ ಮಾರುವ ಕಂಪನಿಯೊಂದರಲ್ಲಿ ಎಂಜಿನಿಯರು. ತೆಲಂಗಾಣದ ಮುಷ್ಕರಕ್ಕೆ ಬಸ್ಸು ನಿಂತ ದಿನಗಳವು. ಬೈಕಿನ ಟ್ಯಾಂಕಿನ ಮೇಲೆ ಒಂದು ವಿದೇಶಿ ಡಬ್ಬಿ ಕಟ್ಟಿಕೊಂಡು ಬೆಳಿಗ್ಗೆಯೇ ನಾರಾಯಣಖೇಡಕ್ಕೆ ಬಂದು, ಕಲ್ಯಾಣಪ್ಪ ಸಾವಕಾರರ ಕಟಗಿ ಅಡ್ಡಾದ, ಅಂದರೆ ಕಟ್ಟಿಗೆ ಕೊಯ್ದು ಮಾರುವ ಅಂಗಳದ, ಮುಂದೆ ಇಳಿದ.

ಡಬ್ಬಿಗೆ ಎರಡು ವೈರು, ವೈರಿನ ತುದಿಗೆ ಒಂದೊಂದು ಉಕ್ಕಿನ ಮೊಳೆ. ತೊಲೆಯ ಎರಡೂ ತುದಿಗೆ ಮೊಳೆ ಚುಚ್ಚಿ ಈ ಕಡೆ ಸುತ್ತಿಗೆಯಿಂದ ಟಿಕ್ ಅನ್ನಿಸಿದರೆ, ಸದ್ದು ಕಟ್ಟಿಗೆಯೊಳಗೆ ಓಡಿ ಆ ಕಡೆ ಮುಟ್ಟುತ್ತದೆ. ಗಟ್ಟಿ ಕಟ್ಟಿಗೆಯಲ್ಲಿ ಸದ್ದು ಓಡುತ್ತದೆ, ಟೊಳ್ಳಿನಲ್ಲಿ ತಡವರಿಸುತ್ತದೆ. ಆ ಓಟವನ್ನು ಅಳೆದು, ಕೊಯ್ಯದೆ, ಮುರಿಯದೆ, ಇದು ಇಷ್ಟು ಭಾರ ಹೊರುತ್ತದೆ ಎಂದು ಡಬ್ಬಿ ಹೇಳುತ್ತದೆ. ಗಟ್ಟಿ ಇದ್ದರೆ ಹಸಿರು ದೀಪ, ಇಲ್ಲವಾದರೆ ಕೆಂಪು.

ಇದೇ ಕೆಲಸವನ್ನು ಮೊಗಲಪ್ಪ ಮೂವತ್ತೊಂದು ವರ್ಷದಿಂದ ನಡುಬೆರಳಿನ ಗೆಣ್ಣಿನಿಂದ ಮಾಡುತ್ತ ಬಂದಿದ್ದ. ಕೊಯ್ದ ಕಟ್ಟಿಗೆಗೆ ಒಂದು ಕಡೆ ಗೆಣ್ಣು ಬಡಿದು, ಇನ್ನೊಂದು ಕಡೆ ಕಿವಿ ಇಟ್ಟು, ಕಣ್ಣು ಮುಚ್ಚಿ ಹೇಳುತ್ತಿದ್ದ: ಎಂಟಾಳು, ಹತ್ತಾಳು. ಆ ಅಡ್ಡಾದಲ್ಲಿ ತೊಲೆಯ ಶಕ್ತಿಗೆ ಆಳೇ ಅಳತೆ. ಯಾರಿಗಾದರೂ ಸಂಶಯ ಬಂದರೆ ತೊಲೆಯನ್ನು ಎರಡು ಕಲ್ಲಿನ ಮೇಲೆ ಅಡ್ಡ ಇಟ್ಟು, ಅಷ್ಟು ಜನರನ್ನು ಸಾಲಾಗಿ ಕೂಡಿಸಿ ತೋರಿಸುವ ಪದ್ಧತಿ ಕಲ್ಯಾಣಪ್ಪನ ಅಪ್ಪನ ಕಾಲದ್ದು. ಆಳು ಅಂದರೆ ಊಟ ಮಾಡಿದ ಆಳು. ಹಸಿದವನನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ಕಲ್ಯಾಣಪ್ಪನಿಗೆ ಡಬ್ಬಿಯ ಮೇಲೆ ಮನಸ್ಸಾಗಲು ಕಾರಣವಿತ್ತು. ತಾಂಡೂರಿನ ಗುತ್ತಿಗೆದಾರನೊಬ್ಬ ದೊಡ್ಡ ಕಲ್ಯಾಣಮಂಟಪ ಕಟ್ಟಿಸುತ್ತಿದ್ದ. ಯಂತ್ರ ಪಾಸು ಮಾಡಿದ ತೊಲೆ ಇದ್ದರೆ ಎಲ್ಲ ನಿಮ್ಮಲ್ಲೇ ತಗೊಳ್ಳುತ್ತೇನೆ, ಯಾರದೋ ಬೆರಳಿನ ಗೆಣ್ಣು ನಂಬಿ ಮದುವೆ ಮಂದಿಯ ತಲೆಯ ಮೇಲೆ ಚಾವಣಿ ಹಾಕಲಾರೆ ಎಂದಿದ್ದ. ಸಾವಕಾರ ಇದನ್ನೇ ಮೊಗಲಪ್ಪನಿಗೆ ಮೆಲ್ಲಗೆ ತಿಳಿಸಿದ. ಮೊಗಲಪ್ಪನ ಮೂಗಿನ ಹೊಳ್ಳೆಗಳು ತಿದಿಯ ಹಾಗೆ ಅರಳಿದವು.

"ಸಾವ್ಕಾರ್ರ, ದೂರ ಕುಂತವ್ರು ನಮ್ಮ ಫೈಸಲಾ ಮಾಡಬಾರದು ಅಂತ ಮಂದಿ ಹದಿನೈದು ದಿನದಿಂದ ರಸ್ತಾದಾಗ ಕುಂತದ. ನೀವು ಸಮುದ್ರದಾಚಿ ಡಬ್ಬಿ ತಂದು ನನ್ನ ಫೈಸಲಾ ಮಾಡಾಕ ಹೊಂಟೀರಿ."

"ಸಿಟ್ಟು ಬ್ಯಾಡ ಮೊಗಲಪ್ಪ. ಸಂಜಿತನಾ ನೋಡೂನು. ಡಬ್ಬಿ ಸೋತ್ರ ಡಬ್ಬಿ ವಾಪಸ್ ಹೋಗ್ತದ. ನೀ ಸೋತ್ರ ನಾಳಿಂದ ಹೊಟ್ಟು ತುಂಬೂ ಕೆಲಸ."

ಹೊಟ್ಟು ತುಂಬುವುದೆಂದರೆ ಗರಗಸದ ಕೆಳಗೆ ಬಿದ್ದ ಕಟ್ಟಿಗೆಯ ಪುಡಿಯನ್ನು ಬಾಚಿ ಚೀಲಕ್ಕೆ ಹಾಕುವುದು. ಕೆಮ್ಮುವುದನ್ನು ಬಿಟ್ಟರೆ ಆ ಕೆಲಸಕ್ಕೆ ಬೇರೆ ಯಾವ ವಿದ್ಯೆಯೂ ಬೇಡ. ಮೊಗಲಪ್ಪ ತಲೆಯ ರುಮಾಲು ಬಿಚ್ಚಿ ಜಾಡಿಸಿ ಮತ್ತೆ ಸುತ್ತಿದ. ಒಪ್ಪಿದ್ದೇನೆ ಎಂದು ಅದರ ಅರ್ಥ.

ಅದು ತೆಲಂಗಾಣಕ್ಕಾಗಿ ಎಲ್ಲ ಜನ ಕೆಲಸ ಬಿಟ್ಟು ಕುಳಿತ ವರ್ಷ. ಶಾಲೆಗೆ ಬೀಗ, ಕಚೇರಿಗೆ ಬೀಗ. ಕಲ್ಲಿದ್ದಲು ತೆಗೆಯುವವರೂ ಕೆಲಸ ಬಿಟ್ಟದ್ದರಿಂದ ಕರೆಂಟು ಹಬ್ಬದ ಅಳಿಯನಂತೆ ಅಪರೂಪಕ್ಕೆ ಬಂದು, ಬಂದ ಕೂಡಲೇ ಹೊರಡುತ್ತಿತ್ತು. ಚೌಕಿನಲ್ಲಿ ಧರಣಿಯ ಟೆಂಟು. ದಿನಕ್ಕೊಂದು ಕಸುಬಿನವರು ತಮ್ಮ ಕೆಲಸವನ್ನು ರಸ್ತೆಯ ನಡುವೆ ತಂದು ಮಾಡಿ ಧರಣಿಗೆ ಬಲ ಕೊಡಬೇಕು. ಸೋಮವಾರ ಕ್ಷೌರಿಕರು ರಸ್ತೆಯಲ್ಲೇ ಕುರ್ಚಿ ಹಾಕಿ ಬೋಳಿಸಿದ್ದರು, ಮಂಗಳವಾರ ಅಗಸರು ಡಾಂಬರಿನ ಮೇಲೇ ಬಟ್ಟೆ ಒಗೆದಿದ್ದರು. ಈ ದಿನ ಬಡಿಗರ ಪಾಳಿ. ಧರಣಿ ಕಮಿಟಿಯ ಅಂಜಪ್ಪ ಬಂದು ಅಡ್ಡಾದ ಸಾಮಾನೆಲ್ಲ ಚೌಕಿಗೆ ಬರಬೇಕು ಎಂದ. ಹೀಗಾಗಿ ಮೊಗಲಪ್ಪನ ಗೆಣ್ಣಿಗೂ ಡಬ್ಬಿಗೂ ನಡೆಯಬೇಕಿದ್ದ ಜಿದ್ದು ಇಡೀ ಊರಿನ ಮುಂದೆ ಬಂದು ಬಿತ್ತು.

ಮೊದಲನೆಯದು ಹಳೆಯ ವಾಡೆಯಿಂದ ಬಿಚ್ಚಿ ತಂದ ಸಾಗವಾನಿ ತೊಲೆ. ಡಬ್ಬಿ ಕೆಂಪು ದೀಪ ತೋರಿಸಿತು. ಕೆಜಿಯ ಲೆಕ್ಕ ಯಾರಿಗೂ ಬೇಡವಾದ್ದರಿಂದ ವಿಜಯೇಂದ್ರ ಭಾಗಾಕಾರ ಮಾಡಿ, ನಾಲ್ಕಾಳು ಎಂದ. ಮೊಗಲಪ್ಪ ಗೆಣ್ಣು ಬಡಿದ, ಕಿವಿ ಇಟ್ಟ, ಹನ್ನೆರಡು ಅಂದ.

ಕಲ್ಲು ಹೂಡಿ ಜನ ಕೂತರು. ಹತ್ತನೆಯವರಾಗಿ ಮನ್ಮಥಪ್ಪ ಮಾಸ್ತರರು ಬಂದಾಗ ತಕರಾರು ಎದ್ದಿತು. ಮಾಸ್ತರರು ಮುಷ್ಕರಕ್ಕೆ ಮೊದಲೇ ಎರಡು ಬೆಂಚು ಬೇಡುವ ಮೈಯವರು. ಶಾಲೆ ಮುಚ್ಚಿದ ಮೇಲೆ ಧರಣಿಯ ಅಡುಗೆ ಉಸ್ತುವಾರಿ ಅವರದ್ದೇ ಆಗಿತ್ತು. ಇವರು ಒಬ್ಬರೋ ಇಬ್ಬರೋ ಎಂದು ಚರ್ಚೆ ನಡೆದು, ಕೊನೆಗೆ ಒಂದೂವರೆ ಎಂದು ತೀರ್ಮಾನವಾಯಿತು. ಹದಿಮೂರು ದಾಟಿದರೂ ತೊಲೆ ಮಿಸುಕಲಿಲ್ಲ.

ಗೆದ್ದ ಮೊಗಲಪ್ಪನಿಗೆ ಸುಮ್ಮನಿರಲು ಆಗಲಿಲ್ಲ. "ಏನಪಾ ಎಂಜಿನೇರಾ, ಈ ತೊಲಿ ತುದಿ ನೂರು ವರ್ಷ ಮಣ್ಣಿನ ಗ್ವಾಡಿಯೊಳಗ ಇತ್ತು. ಅಲ್ಲಿ ಮೊಳಿ ಚುಚ್ಚಿದ್ರ ಮಣ್ಣಿನ ಸುದ್ದಿ ಹೇಳ್ತದ, ಕಟಗಿ ಸುದ್ದಿ ಹೇಳೂದಿಲ್ಲ. ಮೊಳ ಬಿಟ್ಟು ಒಳಗ ಚುಚ್ಚಬೇಕು." ವಿಜಯೇಂದ್ರ ಬಾಗಿ ಕೇಳಿಕೊಂಡ. ಅವನ ಮುಖ ಸೋತವನ ಮುಖದಂತೆ ಇರಲಿಲ್ಲ. ಮೊಗಲಪ್ಪ ಅದನ್ನು ಗಮನಿಸಬೇಕಾಗಿತ್ತು.

ಎರಡನೆಯದು ಬೇವಿನ ತೊಲೆ. ಡಬ್ಬಿ ಹಸಿರು, ಹತ್ತಾಳು. ಮೊಗಲಪ್ಪ ಐದೇ ಅಂದ. ಐವರು ಕೂತಾಗ ತೊಲೆ ನರಳಿತು. ಆರನೆಯವನು ಇನ್ನೂ ಪೂರ್ತಿ ಕೂತಿರಲಿಲ್ಲ, ಕಡಲೆಕಾಯಿ ಬಿರಿದ ಹಾಗೆ ಸದ್ದಾಗಿ ಆರೂ ಮಂದಿ ಡಾಂಬರಿನ ಮೇಲೆ ಒಬ್ಬರ ಮಡಿಲಲ್ಲಿ ಒಬ್ಬರು ಕುಳಿತಿದ್ದರು. ಟೆಂಟಿನವರು ಜೈ ತೆಲಂಗಾಣ ಎಂದು ಕೂಗಿದರು. ಯಾಕೆ ಕೂಗಿದೆವು ಎಂದು ಅವರಿಗೂ ಸರಿಯಾಗಿ ತಿಳಿಯಲಿಲ್ಲ. ಊರಿನವನು ಹೊರಗಿನ ಯಂತ್ರವನ್ನು ಸೋಲಿಸಿದ್ದು ಮುಷ್ಕರಕ್ಕೂ ಸೇರುತ್ತದೆ ಎಂದು ಎಲ್ಲರಿಗೂ ಅನ್ನಿಸಿತ್ತು, ಅಷ್ಟೆ.

ಮೊಗಲಪ್ಪ ಇದಕ್ಕೂ ಪಾಠ ಹೇಳಿದ. ತೊಲೆಯ ನಡುವೆ ಕೆಳಗಿನ ಅಂಚಿಗೆ ಗಂಟು ಇತ್ತು. ಓಡುವ ಸದ್ದು ಗಂಟನ್ನು ಸುತ್ತಿ ಮುಂದೆ ಹೋಗಿಬಿಡುತ್ತದೆ, ಆದರೆ ಭಾರ ಸುತ್ತಿ ಹೋಗುವುದಿಲ್ಲ, ಬಂದು ಗಂಟಿನ ಮೇಲೇ ಕೂಡುತ್ತದೆ. ಗಂಟು ಎಲ್ಲಿದೆ ಎಂದು ನೋಡದೆ ಬರೀ ಸದ್ದು ಎಣಿಸಿದರೆ ಏನು ಬಂತು ಎಂದು ಕೇಳಿದ.

ಮೂರನೆಯದು ಜಾಲಿ. ಈ ಸಲ ವಿಜಯೇಂದ್ರ ತುದಿಯಿಂದ ಒಂದು ಮೊಳ ಬಿಟ್ಟು ಮೊಳೆ ಚುಚ್ಚಿದ, ಗಂಟುಗಳನ್ನು ಎಣಿಸಿದ, ಡಬ್ಬಿಯ ಗುಂಡಿಗಳನ್ನು ಬಹಳ ಹೊತ್ತು ಒತ್ತಿದ. ಒಂಬತ್ತಾಳು ಎಂದ. ಮೊಗಲಪ್ಪನ ಬಾಯಲ್ಲೂ ಒಂಬತ್ತೇ ಇತ್ತು. ಒಂಬತ್ತು ಜನ ಕೂತರು, ಹತ್ತನೆಯವನಿಗೆ ತೊಲೆ ಬಿರುಕು ಬಿಟ್ಟಿತು. ಜನ ಇಬ್ಬರಿಗೂ ಚಪ್ಪಾಳೆ ಹೊಡೆದರು.

ಟೆಂಟಿನ ಪಕ್ಕದಲ್ಲಿ ಚಹಾ ಕಾಯಿಸುವ ಮಾಣಿಕಮ್ಮ ಚಪ್ಪಾಳೆ ಹೊಡೆಯಲಿಲ್ಲ. ಊರಿನ ಎಲ್ಲರ ಸುದ್ದಿಯೂ ಅವಳಿಗೆ ಅವರಿಗಿಂತ ಮೊದಲು ತಿಳಿಯುತ್ತಿತ್ತು. ಮೊಗಲಪ್ಪನ ಕೈಗೆ ಚಹಾ ಕೊಟ್ಟು, ಕಿವಿಯ ಹತ್ತಿರ ಬಂದಳು.

"ಅಣ್ಣಾ, ನೀ ಗೆದ್ದೀನಿ ಅಂತ ತಿಳಕೊಂಡೀದಿ. ನೀ ಹೇಳಿದ್ದೆಲ್ಲಾ ಆ ಪೋರ ಬರಕೊಂಡು ಡಬ್ಬಿಗಿ ತಿನ್ನಸಾಕತ್ಯಾನ. ಹಗಲೆಲ್ಲಾ ನೀ ಆ ಎಮ್ಮಿಗಿ ಹುಲ್ಲು ಹಾಕೀದಿ. ನಾಳಿ ಹಾಲು ಯಾರ ಮನ್ಯಾಗ ಕರೀತದ ನೋಡು."

ಚಹಾ ಕೆಳಗಿಟ್ಟು ಮೊಗಲಪ್ಪ ನೇರವಾಗಿ ಹೋಗಿ ವಿಜಯೇಂದ್ರನನ್ನೇ ಕೇಳಿದ. ವಿಜಯೇಂದ್ರ ಒಳ್ಳೆಯ ಮನೆಯವನು, ಮುಚ್ಚಿಡಲಿಲ್ಲ. "ಹೌದ್ರಿ ಕಾಕಾ. ಡಬ್ಬಿಗಿ ನಮ್ಮ ಕಡಿ ಕಟಗಿ ಗೊತ್ತಿಲ್ಲ. ನೀವು ಹೇಳಿದಂಗ ತಿದ್ದಿದ್ರ ಸರಿ ಹೇಳ್ತದ. ಇನ್ನ ನಾಕು ತೊಲಿ ಹೇಳಿಕೊಡ್ರಿ, ನಿಮ್ಮ ಕೈ ಮುಗೀತೀನಿ." ಅಂದು ನಿಜವಾಗಿಯೂ ಕೈ ಮುಗಿದ.

ಮೊಗಲಪ್ಪ ರಸ್ತೆಯ ನಡುವೆ ಗೂಟದಂತೆ ನಿಂತ. ಸರಿಯಾಗಿ ಹೇಳಿದರೆ ಡಬ್ಬಿ ಕಲಿಯುತ್ತದೆ, ಕಲಿತ ಡಬ್ಬಿ ತನ್ನನ್ನು ಹೊಟ್ಟಿನ ಚೀಲದ ಮುಂದೆ ಕೂಡಿಸುತ್ತದೆ. ಹೇಳದಿದ್ದರೆ ಸೋತ ಎನ್ನುತ್ತಾರೆ. ಕೊನೆಗೆ ಒಂದು ದಾರಿ ಹೊಳೆಯಿತು. ತಿನ್ನುವುದಾದರೆ ತಿನ್ನಲಿ, ವಿಷ ತಿನ್ನಲಿ. ಮೂವತ್ತೊಂದು ವರ್ಷದಲ್ಲಿ ಕಟ್ಟಿಗೆಯ ಬಗ್ಗೆ ಒಂದು ಸುಳ್ಳನ್ನೂ ಆಡದಿದ್ದ ಬಾಯಿ ಸುಳ್ಳಿಗೆ ತಯಾರಾಯಿತು.

ನಾಲ್ಕನೆಯದು ಮತ್ತಿಯ ತೊಲೆ. ಅಡ್ಡಾದ ಮೂಲೆಯಲ್ಲಿ ಎರಡು ಮಳೆಗಾಲ ನೆನೆದು ಬಿದ್ದಿದ್ದು. ಮೊಗಲಪ್ಪ ಗೆಣ್ಣು ಬಡಿದ. ತಲೆದಿಂಬಿಗೆ ಗುದ್ದಿದ ಹಾಗೆ ಸದ್ದು ಬಂತು. ಒಳಗೆ ಪೂರಾ ಹೋಗಿದೆ, ಎರಡಾಳು ಕೂತರೆ ಹೆಚ್ಚು ಎಂದು ಮನಸ್ಸಿಗೆ ಬಂತು. ಡಬ್ಬಿಯೂ ಕೆಂಪು ದೀಪ ಹಚ್ಚಿ ಎರಡಾಳು ಎಂದಿತು.

ಮೊಗಲಪ್ಪ ಎದೆ ಸೆಟೆಸಿ ಹೇಳಿದ: "ಹದಿನೈದಾಳು. ಇದು ನೀರು ಕುಡದದ, ಅದಕ್ಕ ಸದ್ದು ಮಂದ ಆಗ್ಯದ. ಹೊಟ್ಟಿ ತುಂಬಿದಾಂವ ಕರದ್ರ ತಡಾ ಮಾಡಿ ಓ ಅಂತಾನಲ್ಲ, ಹಂಗ. ಒಳಗ ಕಬ್ಬಿಣದ. ಬರಕೋ ಎಂಜಿನೇರಾ, ಚೆಂದಂಗ ಬರಕೋ."

ವಿಜಯೇಂದ್ರ ಚೆಂದವಾಗಿ ಬರೆದುಕೊಂಡ. ಇನ್ನು ಮೂರನೆಯ ಆಳಿಗೇ ತೊಲೆ ಮುರಿದು ತನ್ನ ಸುಳ್ಳು ಬಯಲಾಗುವುದಲ್ಲ ಎಂಬುದು ಮೊಗಲಪ್ಪನಿಗೆ ಆಗ ಹೊಳೆಯಿತು. ಸಿಟ್ಟಿನಲ್ಲಿ ಅಷ್ಟು ಮುಂದಿನದನ್ನು ಯೋಚಿಸಿರಲಿಲ್ಲ. ಆದರೆ ಯಾರೂ ಕಲ್ಲು ಹೂಡಲಿಲ್ಲ. ಅಂಜಪ್ಪ ಅಡ್ಡ ಬಂದು ಕೈ ಎತ್ತಿದ.

"ಪರೀಕ್ಷಾ ಸಾಕ್ರಿ. ಮೊಗಲಪ್ಪಮಾಮಾ ಹೇಳ್ಯಾನ ಅಂದ ಮ್ಯಾಲ ಹೇಳ್ಯಾನ. ನಮ್ಮ ಮನಷ್ಯಾನ ಮ್ಯಾಲ ನಮಗ ಭರೋಸಾ ಇಲ್ದಿದ್ರ ಈ ಧರಣಿ ಯಾಕ ಬೇಕು. ಸ್ಟೇಜಿನ ನಡುವಿನ ತೊಲಿ ನಿನ್ನಿ ಸೀಳ್ಯದ. ಇದನ್ನ ಎತ್ತಿ ಅಲ್ಲಿ ಹಾಕ್ರಿ."

ಮೊಗಲಪ್ಪ ಬಾಯಿ ತೆರೆಯುವಷ್ಟರಲ್ಲಿ ಎಂಟು ಜನ ತೊಲೆಗೆ ಹೆಗಲು ಕೊಟ್ಟಿದ್ದರು. ಸ್ಟೇಜು ಆಳೆತ್ತರದ್ದು. ಸಂಜೆ ನಾಲ್ಕಕ್ಕೆ ಮನೂರ್ ಕಡೆಯ ಹಳ್ಳಿಗಳಿಂದ ಹದಿನೆಂಟು ಹೆಣ್ಣುಮಕ್ಕಳು ಟ್ರ್ಯಾಕ್ಟರಿನಲ್ಲಿ ಬಂದು ಅದರ ಮೇಲೆ ಬತುಕಮ್ಮ ಆಡುವವರಿದ್ದರು. ಹೂವಿನ ಗುಡ್ಡೆ ನಡುವೆ ಇಟ್ಟು, ಸುತ್ತ ಬಾಗಿ ಬಾಗಿ ಚಪ್ಪಾಳೆ ತಟ್ಟುತ್ತ ತಿರುಗುವ ಆಟ. ಹದಿನೆಂಟು ಜನ, ಅದೂ ಊಟ ಮಾಡಿ ಬರುವವರು.

ಅಲ್ಲಿಂದ ಮುಂದೆ ಮೊಗಲಪ್ಪನ ಪಾಡು ಬಿಸಿ ಹೆಂಚಿನ ಮೇಲಿನ ನೀರಿನದಾಯಿತು. ಅಂಜಪ್ಪನ ಬಳಿ ಹೋಗಿ, ಅಷ್ಟು ಒಳ್ಳೆಯ ತೊಲೆಯನ್ನು ಸ್ಟೇಜಿಗೆ ಹಾಕುವುದು ದಂಡ, ಬೇರೆ ಹಾಕು ಎಂದ. ನಮ್ಮ ಹೋರಾಟಕ್ಕೆ ಒಳ್ಳೆಯದೇ ಬೇಕು ಮಾಮಾ, ನಿನ್ನದು ದೊಡ್ಡ ಮನಸ್ಸು ಎಂದು ಅಂಜಪ್ಪ ಅವನ ಕೊರಳಿಗೇ ಹೋರಾಟದ ಗುಲಾಬಿ ರುಮಾಲು ಹಾಕಿದ. ಅಡ್ಡಾಕ್ಕೆ ಓಡಿ ಒಂದು ಗಟ್ಟಿ ಕಂಬ ಹೊತ್ತು ತಂದು ಸ್ಟೇಜಿನ ಕೆಳಗೆ ತೊಲೆಗೆ ಆನಿಕೆ ಕೊಟ್ಟ. ಬೆವರು ಒರೆಸಿಕೊಂಡು ತಿರುಗಿದರೆ ಕಂಬ ಇಲ್ಲ. ಮೈಕಿನ ವೈರಿಗೆ ಅಡ್ಡವಾಗುತ್ತಿತ್ತೆಂದು ಮನ್ಮಥಪ್ಪ ಮಾಸ್ತರರು ಅದನ್ನು ಕಿತ್ತು, ಅಡುಗೆಯ ಒಲೆಗೆ ಸೀಳಿಸಿದ್ದರು.

ಟ್ರ್ಯಾಕ್ಟರು ಬಂತು. ದಿಕ್ಕು ತೋಚದೆ ಮೊಗಲಪ್ಪ ಸ್ಟೇಜಿನ ಕೆಳಗೆ ತೂರಿ, ಮಂಡಿ ಮಡಚಿ, ಬೆನ್ನಿನಿಂದ ತೊಲೆಯನ್ನು ಎತ್ತಿ ಹಿಡಿದ. ಮಾಣಿಕಮ್ಮ ಪರದೆ ಸರಿಸಿ ಇಣುಕಿ, ಅಲ್ಲಿ ಏನು ಮಾಡುತ್ತೀ ಎಂದಳು. ನೆರಳಿಗೆ ಬಂದೆ ಎಂದ. ನಿಂತುಕೊಂಡು ಮಲಗುವ ಕಲೆ ಬಡಿಗರಲ್ಲಿ ಇದೆಯೆಂದು ಗೊತ್ತಿರಲಿಲ್ಲ ಎಂದು ಅವಳು ಪರದೆ ಬಿಟ್ಟಳು.

ಮೇಲೆ ಹೆಜ್ಜೆಗಳು ಕೇಳಿಸಿದವು. ಒಂದು, ಎರಡು. ಎರಡಾಳು ಆಯಿತು ಎಂದು ಮೊಗಲಪ್ಪ ಕಣ್ಣು ಮುಚ್ಚಿದ. ಮೂರನೆಯ ಹೆಜ್ಜೆಯ ಜೊತೆ ಗೆಜ್ಜೆಯ ಸದ್ದು ಬಂತು, ಅದರ ಜೊತೆ ಒಂದು ಮುದುಕಿಯ ನಗು. ಆ ನಗು ಕೇಳಿ ಅವನಿಗೆ ತಡೆದುಕೊಳ್ಳಲಾಗಲಿಲ್ಲ. ಈಚೆ ಹಾರಿ, ಮೆಟ್ಟಿಲು ಹತ್ತಿ, ಅಂಜಪ್ಪನ ಕೈಯಿಂದ ಮೈಕು ಕಸಿದ.

"ಇಳೀರಿ ಅವ್ವಗೋಳ, ಇಳೀರಿ. ನಡುವಿನ ತೊಲಿ ಟೊಳ್ಳದ. ನಾ ಬೇಕಂತ ಸುಳ್ಳು ಹೇಳೀನಿ. ಡಬ್ಬಿ ಕೆಡ್ಲಿ ಅಂತ ಹೇಳೀನಿ."

ಮೈಕಿನ ನಾಲ್ಕು ಭೋಂಗಾದಲ್ಲಿ ನಾಲ್ಕು ದಿಕ್ಕಿಗೆ ಸುಳ್ಳಿನ ಸುದ್ದಿ ಹೋಯಿತು. ಹೆಣ್ಣುಮಕ್ಕಳು ಹೂವು ಎತ್ತಿಕೊಂಡು ಇಳಿದರು.  ಅಂಜಪ್ಪ ಮೊಗಲಪ್ಪನ ಕೊರಳಿನ ಗುಲಾಬಿ ರುಮಾಲನ್ನು ಮೆಲ್ಲಗೆ ತೆಗೆದುಕೊಂಡ. ಕಲ್ಯಾಣಪ್ಪ ತಲೆ ತಗ್ಗಿಸಿದ. ಮೊಗಲಪ್ಪ ಮಾತ್ರ ತಗ್ಗಿಸಲಿಲ್ಲ. ಮೂರು ಸಲ ಖರೆ ಹೇಳಿ ಗೆದ್ದಿದ್ದೇನೆ, ನಾಲ್ಕನೆಯದನ್ನೂ ಈಗ ಖರೆ ಹೇಳಿದ್ದೇನೆ, ಇದು ಎರಡಾಳಿನ ತೊಲೆ, ಬೇಕಾದರೆ ಕೂಡಿಸಿ ನೋಡಿ ಎಂದ. ಮನಸ್ಸಿನಲ್ಲಿ ಅವನಿಗೆ ಒಂದು ಧೈರ್ಯವಿತ್ತು. ತೊಲೆ ಮುರಿದರೆ ಸುಳ್ಳುಗಾರ ಎಂಬ ಹೆಸರು ಬಂದರೂ ಗೆಣ್ಣಿನ ಹೆಸರು ಉಳಿಯುತ್ತದೆ.

ತೊಲೆ ಕೆಳಗಿಳಿಯಿತು. ಕಲ್ಲು ಹೂಡಿದರು. ಬೀಳುವುದು ಖಚಿತವೆಂದು ಮಾಸ್ತರರು ಕೆಳಗೆ ಹುಲ್ಲು ಹಾಸಿಸಿದರು. ಇಬ್ಬರು ಕೂತರು. ಮೂವರು ಕೂತರು. ಮೊಗಲಪ್ಪ ಈಗ, ಈಗ ಎಂದು ಬೆರಳು ತೋರಿಸುತ್ತಿದ್ದ. ಏಳು. ಹತ್ತು. ಮಾಸ್ತರರು ಹುಲ್ಲು ನೋಡಿಕೊಂಡು ಕೂತರು, ಹನ್ನೊಂದೂವರೆ. ಹದಿನೈದು ದಾಟಿತು. ತೊಲೆ ನರಳಲಿಲ್ಲ, ಬಾಗಲಿಲ್ಲ. ಹದಿನೈದು ಜನ ಕಾಲು ಇಳಿಬಿಟ್ಟು ಒಬ್ಬರ ಮುಖ ಒಬ್ಬರು ನೋಡಿದರು.

ವಿಜಯೇಂದ್ರ ತೊಲೆಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಅಂಚನ್ನು ಚಾಕುವಿನಿಂದ ಕೆರೆದು, ಬೆರಳಿಗೆ ಹತ್ತಿದ ತೇವ ನೋಡಿದ. "ಕಾಕಾ, ನೀವು ಹೇಳಿದ್ದೇ ಖರೆ ಅದ್ರಿ. ಬರೇ ನೀರು ಕುಡದದ. ಒಳಗ ಕಬ್ಬಿಣ ಇದ್ದಂಗದ." ನೋಟುಬುಕ್ಕು ತೆಗೆದು, ಹೊಟ್ಟೆ ತುಂಬಿದವನ ಮಾತೂ ಸೇರಿ ಎಲ್ಲವೂ ಸರಿಯಿದೆಯೇ ಎಂದು ಓದಿ, ಡಬ್ಬಿಯ ಗುಂಡಿ ಒತ್ತತೊಡಗಿದ. ಮತ್ತೆ ಸುತ್ತಿಗೆ ಟಿಕ್ ಅಂದಿತು. ಹಸಿರು ದೀಪ ಹತ್ತಿತು. ಹದಿನೈದಾಳು.

ಕಲ್ಯಾಣಪ್ಪ ಫೈಸಲಾ ಹೇಳಲು ತಡ ಮಾಡಲಿಲ್ಲ.

"ಡಬ್ಬಿ ತಪ್ಪಿತು, ಹೇಳಿದ ಮ್ಯಾಲ ತಿದ್ದಿಕೊಂತು. ನಿಂದು ಗೆಣ್ಣು ತಪ್ಪಿತು, ಬಾಯಿನೂ ತಪ್ಪಿತು ಮೊಗಲಪ್ಪ. ನೀ ಇನ್ನ ಖರೆ ಹೇಳಿದ್ರೂ ತಾಂಡೂರಿನಾಂವ ಯಾವುದನ್ನ ನಂಬಬೇಕು. ನಾಳಿ ಎಂಟಕ್ಕ ಬಾ. ಚೀಲಾ ತರಸಿರ್ತೀನಿ."

ಹೆಣ್ಣುಮಕ್ಕಳು ಸ್ಟೇಜು ಬಿಟ್ಟು ಡಾಂಬರಿನ ಮೇಲೇ ಹೂವು ಇಟ್ಟು ಆಟ ಶುರು ಮಾಡಿದ್ದರು. ತೊಲೆಯ ಮೇಲಿದ್ದ ಹದಿನೈದು ಜನ ಇಳಿದು ಹೋದರು. ಮೊಗಲಪ್ಪ ಹೋಗಲಿಲ್ಲ. ಚಪ್ಪಲಿ ಬಿಟ್ಟ, ಧೋತರ ಮೇಲೆ ಕಟ್ಟಿದ, ಆ ಮತ್ತಿಯ ತೊಲೆಯ ನಡುವೆ ಒಬ್ಬನೇ ಹತ್ತಿ ನಿಂತು ಎರಡೂ ಕಾಲಿನಿಂದ ಕುಣಿಯತೊಡಗಿದ. ಒಂದು ಸಲ, ಹತ್ತು ಸಲ. ಆಡುತ್ತಿದ್ದ ಹೆಂಗಸರು ಅದು ತಮಗೇ ಹಾಕುವ ತಾಳವೆಂದು ಭಾವಿಸಿ ಹೆಜ್ಜೆಯನ್ನು ಅದಕ್ಕೆ ಕೂಡಿಸಿದರು. ಅಂಜಪ್ಪನಿಗೂ ಮನಸ್ಸು ಕರಗಿ, ನೋಡಿರಿ ಮಾಮಾನ ಹುರುಪು ಎಂದು ಮೈಕಿನಲ್ಲಿ ಹೇಳಿಬಿಟ್ಟ.

ಹೊತ್ತು ಇಳಿಯುವ ಮುಂಚೆ ಕಲ್ಯಾಣಪ್ಪನೇ ಬಂದು, ಸಾಕು ಇಳಿ ಮಾರಾಯಾ, ಕಾಲು ಮುರಿದೀತು ಎಂದ.

"ಕಾಲು ಮುರೀಲಿ ಸಾವ್ಕಾರ್ರ," ಅಂದ ಮೊಗಲಪ್ಪ ಕುಣಿತ ನಿಲ್ಲಿಸದೆ. "ಮೊದ್ಲ ಇದು ಮುರೀಬೇಕು. ಇದು ಎರಡಾಳಿಂದೇ ಅದ."